ಕ್ಯಾಂಪಸ್ಸಿನ ವಿದ್ಯುತ್ತು, ತಂಪು ಮತ್ತು ಬಿಸಿನೀರಿನ ಜಾಡು ಹಿಡಿಯುವ ಬಗೆ

ವಿಶ್ವವಿದ್ಯಾಲಯದ ಎಸ್ಟೇಟ್ ವಿಭಾಗಕ್ಕೆ ಹೊಸದಾಗಿ ಬಂದ ಎಂಜಿನಿಯರಿಗೂ, ಕಟ್ಟಡ ಸಮಿತಿಯಲ್ಲಿ ಕೂರಬೇಕಾಗಿ ಬಂದ ಪ್ರಾಧ್ಯಾಪಕರಿಗೂ ಮೊದಲು ಎದುರಾಗುವ ತೊಡಕು ಒಂದೇ. ಕೇಬಲ್ಲುಗಳೂ ಕೊಳವೆಗಳೂ ನೆಲದಡಿ ಹುದುಗಿರುತ್ತವೆ. ಅವು ಎಲ್ಲೆಲ್ಲಿ ತಿರುಗಿ ಎಲ್ಲಿ ಮೇಲೇಳುತ್ತವೆ ಎಂಬುದು ನಿವೃತ್ತರಾಗಿ ಹೋದ ಯಾವುದೋ ಸೂಪರ್‌ವೈಸರ್ ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಕಚೇರಿಯ ಬೀರುವಿನಲ್ಲಿರುವ ನಕ್ಷೆಯಾದರೋ ಕಟ್ಟಡಗಳು ಏಳುವ ಮೊದಲೇ ಬರೆದದ್ದಾಗಿರುತ್ತದೆ. ಒಂದು ಕ್ಯಾಂಪಸ್ಸಿನ ವಿದ್ಯುತ್ತು, ತಂಪು ಮತ್ತು ಶಾಖ ಮೂಲದಿಂದ ಕೊನೆಯ ಕೋಣೆಯವರೆಗೆ ಹೇಗೆ ಹಂಚಿಕೆಯಾಗುತ್ತವೆ, ಆ ಹಾದಿಯಲ್ಲಿ ನಡೆದು ನೋಡುವವರು ಎಲ್ಲಿ ನಿಂತು ಏನನ್ನು ಅಳೆಯಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ವಿದ್ಯುತ್ತಿನ ಭಾಗಕ್ಕೆ ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ಕಾಣುವ ಏರ್ಪಾಡನ್ನೇ ಇಟ್ಟುಕೊಂಡಿದ್ದೇನೆ. ತಂಪನ್ನೂ ಶಾಖವನ್ನೂ ಕೇಂದ್ರ ಸ್ಥಾವರದಿಂದ ಹಂಚುವ ಪದ್ಧತಿ ನಮ್ಮಲ್ಲಿ ವಿರಳವಾದ್ದರಿಂದ, ಅದು ಪೂರ್ಣರೂಪದಲ್ಲಿ ನೆಲೆಗೊಂಡಿರುವ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಉದಾಹರಣೆಗಳನ್ನು ಬಳಸಿದ್ದೇನೆ.

ಹೊರಡುವ ಮೊದಲು ನಾಲ್ಕು ಕಾಗದಗಳು ಕೈಯಲ್ಲಿರಬೇಕು: ಹಿಂದಿನ ಹನ್ನೆರಡು ತಿಂಗಳ ಎಚ್.ಟಿ. (ಹೈ ಟೆನ್ಶನ್, ಅಂದರೆ ಹೆಚ್ಚಿನ ವೋಲ್ಟೇಜಿನ) ವಿದ್ಯುತ್ ಬಿಲ್ಲು, ವಿದ್ಯುತ್ ಜಾಲವನ್ನು ಒಂಟಿ ಗೆರೆಗಳಲ್ಲಿ ತೋರಿಸುವ ಸಿಂಗಲ್ ಲೈನ್ ನಕ್ಷೆ, ಕೊಳವೆಗಳ ನಕ್ಷೆ, ಮತ್ತು ಪ್ರತಿಯೊಂದು ಕಟ್ಟಡದ ವಿಸ್ತೀರ್ಣ ಹಾಗೂ ಬಳಕೆಯ ಪಟ್ಟಿ. ನಕ್ಷೆಗಳು ತಪ್ಪಾಗಿದ್ದರೂ ಚಿಂತೆಯಿಲ್ಲ, ತಪ್ಪನ್ನು ಗುರುತು ಹಾಕಿಕೊಳ್ಳಲಾದರೂ ಒಂದು ನಕ್ಷೆ ಬೇಕು. ಸಲಕರಣೆಯೆಂದರೆ ಒಳ್ಳೆಯ ಟಾರ್ಚು, ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರು ಮತ್ತು ಒಂದು ಪುಸ್ತಕ. ತಂತಿಯನ್ನು ಸುತ್ತುವರಿದು ಪ್ರವಾಹ ಅಳೆಯುವ ಕ್ಲಾಂಪ್ ಮೀಟರು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಕೈಯಲ್ಲಿರಲಿ. ಎಚ್.ಟಿ. ಕೋಣೆಯೊಳಗೆ ಒಬ್ಬರೇ ಹೋಗುವಂತಿಲ್ಲ. ಒಳಗೆ ಹೋದ ಮೇಲೆ ನೋಡಬಹುದು, ಬರೆದುಕೊಳ್ಳಬಹುದು, ಯಾವ ಪ್ಯಾನೆಲ್ಲಿನ ಬಾಗಿಲನ್ನೂ ತೆರೆಯುವಂತಿಲ್ಲ.

ವಿದ್ಯುತ್ತು: ಬಿಲ್ಲಿನಿಂದ ಕಟ್ಟಡದವರೆಗೆ

ಜಾಡು ಆರಂಭವಾಗುವುದು ಬಿಲ್ಲಿನಿಂದ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, ಎಚ್.ಟಿ. ಗ್ರಾಹಕರ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟುಗಳ ಜೊತೆಗೆ ಕೆ.ವಿ.ಎ. (ಕಿಲೋವೋಲ್ಟ್-ಆಂಪಿಯರ್) ಲೆಕ್ಕದ ಗರಿಷ್ಠ ಬೇಡಿಕೆಯೂ, ಎಳೆದುಕೊಂಡ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲನ್ನು ಹೇಳುವ ಪವರ್ ಫ್ಯಾಕ್ಟರೂ ನಮೂದಾಗಿರುತ್ತವೆ. ಗರಿಷ್ಠ ಬೇಡಿಕೆ ಯಾವ ತಿಂಗಳಲ್ಲಿ ಏರಿದೆ ಎಂಬುದನ್ನು ಮೊದಲು ನೋಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಏರಿದ್ದರೆ ಕ್ಯಾಂಪಸ್ಸಿನ ಮುಖ್ಯ ಹೊರೆ ತಂಪಿನದು. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಏರಿದ್ದರೆ ಹಾಸ್ಟೆಲುಗಳ ಗೀಸರಿನದು. ಇದಾದ ಮೇಲೆ ಎಚ್.ಟಿ. ಮೀಟರಿನ ಒಳಗೆ ದಾಖಲಾಗಿರುವ ಹೊತ್ತುಹೊತ್ತಿನ ಲೋಡನ್ನು ಇಳಿಸಿಕೊಂಡು, ಭಾನುವಾರದ ನಸುಕಿನ ಎರಡು ಗಂಟೆಯಿಂದ ನಾಲ್ಕರವರೆಗಿನ ಅಂಕಿಯನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಕ್ಯಾಂಪಸ್ಸು ಎಷ್ಟು ತಿನ್ನುತ್ತದೆ ಎಂಬ ಈ ಒಂದು ಅಂಕಿ, ದುಡ್ಡು ಕೊಟ್ಟು ಮಾಡಿಸಿದ ಎಷ್ಟೋ ಆಡಿಟ್ ವರದಿಗಳಿಗಿಂತ ಹೆಚ್ಚು ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂದೆ ಯಾರ್ಡಿಗೆ ಹೋಗಬೇಕು. ಸಾಮಾನ್ಯವಾಗಿ ಕ್ಯಾಂಪಸ್ಸಿಗೆ 11 ಕೆ.ವಿ. ಒತ್ತಡದ ವಿದ್ಯುತ್ತು ಬರುತ್ತದೆ. ಹೊರೆ ತೀರ ದೊಡ್ಡದಾಗಿರುವಲ್ಲಿ 33 ಅಥವಾ 66 ಕೆ.ವಿ. ಬಂದು, ಒಳಗೇ ಇರುವ ಸಬ್‌ಸ್ಟೇಷನ್ನಿನಲ್ಲಿ 11 ಕೆ.ವಿ.ಗೆ ಇಳಿಯುತ್ತದೆ. ಮೀಟರಿಂಗ್ ಕ್ಯೂಬಿಕಲ್ ದಾಟಿ, ನಿರ್ವಾತ ಸರ್ಕ್ಯೂಟ್ ಬ್ರೇಕರುಗಳಿರುವ ಎಚ್.ಟಿ. ಪ್ಯಾನೆಲ್ಲಿಗೆ ಬಂದ ವಿದ್ಯುತ್ತು ಅಲ್ಲಿಂದ ಫೀಡರುಗಳಾಗಿ ಕವಲೊಡೆದು, ನೆಲದಡಿಯ ಕೇಬಲ್ಲುಗಳಲ್ಲಿ ಸಾಗಿ, ಆಯಾ ಕಟ್ಟಡ ಸಮೂಹದ ಬಳಿಯಿರುವ ಟ್ರಾನ್ಸ್‌ಫಾರ್ಮರುಗಳಲ್ಲಿ 433 ವೋಲ್ಟಿಗೆ ಇಳಿಯುತ್ತದೆ. ಒಂದೇ ದೊಡ್ಡ ಟ್ರಾನ್ಸ್‌ಫಾರ್ಮರನ್ನು ಗೇಟಿನ ಬಳಿ ಇಟ್ಟು 433 ವೋಲ್ಟಿನಲ್ಲೇ ಎಲ್ಲೆಡೆಗೆ ಎಳೆಯಬಾರದೇಕೆ ಎಂದು ಸಮಿತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1000 ಕೆ.ವಿ.ಎ. ಹೊರೆಗೆ 11 ಕೆ.ವಿ.ಯಲ್ಲಿ ಹರಿಯುವುದು ಸುಮಾರು 52 ಆಂಪಿಯರ್. ಅದೇ ಹೊರೆಗೆ 433 ವೋಲ್ಟಿನಲ್ಲಿ ಸುಮಾರು 1,330 ಆಂಪಿಯರ್. ತಂತಿಯಲ್ಲಿ ಬಿಸಿಯಾಗಿ ಸೋರಿಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ತಂತಿಯಲ್ಲಾದರೆ ನಷ್ಟ ಆರುನೂರು ಪಟ್ಟಿಗೂ ಮಿಗುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರು ಹೊರೆಯ ಮಗ್ಗುಲಲ್ಲೇ ಇರಬೇಕು, ಎಲ್.ಟಿ. (ಲೋ ಟೆನ್ಶನ್, ಅಂದರೆ 433 ವೋಲ್ಟಿನ) ಕೇಬಲ್ಲು ಆದಷ್ಟು ಗಿಡ್ಡವಾಗಿರಬೇಕು.

ಫೀಡರುಗಳು ಒಂದೊಂದೇ ದಾರಿಯಾಗಿ ಹೋಗಿ ಅಲ್ಲಲ್ಲೇ ಮುಗಿಯುತ್ತವೆಯೋ, ಅಥವಾ ಸುತ್ತಿ ಬಂದು ಪ್ಯಾನೆಲ್ಲಿನಲ್ಲೇ ಕೂಡುತ್ತವೆಯೋ ಎಂಬುದನ್ನು ಗುರುತಿಸುವುದು ಮುಂದಿನ ಕೆಲಸ. ಮೊದಲನೆಯ ಬಗೆಯಲ್ಲಿ ಒಂದು ಕಡೆ ಜೆ.ಸಿ.ಬಿ. ಕೇಬಲ್ಲನ್ನು ಕಿತ್ತರೆ ಅದರಾಚೆಗಿನ ಕಟ್ಟಡಗಳೆಲ್ಲ ದುರಸ್ತಿಯಾಗುವವರೆಗೂ ಕತ್ತಲಲ್ಲಿರುತ್ತವೆ. ಎರಡನೆಯದು ರಿಂಗ್ ಮೇನ್. ಅದರಲ್ಲಿ ಪ್ರತಿ ಟ್ರಾನ್ಸ್‌ಫಾರ್ಮರಿನ ಮುಂದೆ ಆರ್.ಎಂ.ಯು. (ರಿಂಗ್ ಮೇನ್ ಯೂನಿಟ್) ಎಂಬ ಪೆಟ್ಟಿಗೆಯಿದ್ದು, ಒಂದು ಸ್ವಿಚ್ಚಿನಿಂದ ಒಳಬಂದ ಕೇಬಲ್ಲು ಇನ್ನೊಂದರಿಂದ ಮುಂದಕ್ಕೆ ಹೋಗುತ್ತದೆ, ಮೂರನೆಯದು ಟ್ರಾನ್ಸ್‌ಫಾರ್ಮರಿಗೆ ಇಳಿಯುತ್ತದೆ. ಇಡೀ ಉಂಗುರದಲ್ಲಿ ಎಲ್ಲೋ ಒಂದು ಸ್ವಿಚ್ಚನ್ನು ಬೇಕೆಂದೇ ತೆರೆದಿಟ್ಟಿರುತ್ತಾರೆ, ಅಂದರೆ ವಿದ್ಯುತ್ತು ದಾಟದಂತೆ ಆಫ್ ಮಾಡಿಟ್ಟಿರುತ್ತಾರೆ. ಆ ತೆರೆದ ಸ್ಥಾನ ಎಲ್ಲಿದೆ ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಜಾಲ ನಿಮಗೆ ಗೊತ್ತಿಲ್ಲವೆಂದೇ ಅರ್ಥ. ಉಂಗುರದ ಉದ್ದಕ್ಕೂ ನಡೆದು ಪ್ರತಿ ಆರ್.ಎಂ.ಯು.ವಿನ ಮುಖದ ಮೇಲಿರುವ ಸ್ವಿಚ್ ಸ್ಥಿತಿಯ ಗುರುತುಗಳನ್ನು ಬರೆದುಕೊಂಡರೆ ಅದು ಸಿಕ್ಕೇ ಸಿಗುತ್ತದೆ. ಹಳೆಯ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಸಿಕ್ಕರೆ ಅದೃಷ್ಟವೇ ಸರಿ.

ಕೇಬಲ್ಲಿನಲ್ಲಿ ದೋಷ ಉಂಟಾದಾಗ ಈ ಉಂಗುರವನ್ನು ಬಳಸುವ ಕ್ರಮ ಹೀಗಿದೆ. ಫೀಡರಿನ ಬ್ರೇಕರ್ ಟ್ರಿಪ್ ಆಗಿ ಉಂಗುರದ ಒಂದು ಭಾಗ ಆರಿಹೋಗುತ್ತದೆ. ಆರ್.ಎಂ.ಯು.ಗಳಲ್ಲಿ ದೋಷದ ಪ್ರವಾಹ ಹಾದುಹೋದುದನ್ನು ತೋರಿಸುವ ಸೂಚಕಗಳಿದ್ದರೆ, ಮೂಲದಿಂದ ಹೊರಟು ಅವುಗಳನ್ನು ನೋಡುತ್ತ ಹೋಗಬೇಕು. ಸೂಚಕ ಹೊತ್ತಿಕೊಂಡಿರುವ ಕೊನೆಯ ಪೆಟ್ಟಿಗೆಗೂ ಹೊತ್ತಿಕೊಳ್ಳದ ಮೊದಲ ಪೆಟ್ಟಿಗೆಗೂ ನಡುವಿನ ಕೇಬಲ್ಲಿನಲ್ಲಿ ದೋಷವಿದೆ. ಆ ತುಂಡಿನ ಎರಡೂ ತುದಿಯ ಸ್ವಿಚ್ಚುಗಳನ್ನು ತೆರೆದು, ಬೀಗ ಹಾಕಿ, ಫಲಕ ತೂಗುಹಾಕಿದ ಮೇಲಷ್ಟೇ ಮೂಲದ ಬ್ರೇಕರನ್ನು ಮತ್ತೆ ಹಾಕಬೇಕು. ಆಚೆ ಉಳಿದ ಕಟ್ಟಡಗಳಿಗೆ, ತೆರೆದಿಟ್ಟಿದ್ದ ಸ್ಥಾನವನ್ನು ಮುಚ್ಚಿ ಇನ್ನೊಂದು ಕಡೆಯಿಂದ ವಿದ್ಯುತ್ತು ಕೊಡಬೇಕು. ಈ ಕೆಲಸವನ್ನು ತಿಳಿದ ಸಿಬ್ಬಂದಿ ಅರ್ಧ ಗಂಟೆಯೊಳಗೆ ಮುಗಿಸಬಲ್ಲರು. ದೋಷದ ತುಂಡನ್ನು ಬೇರ್ಪಡಿಸದೆ ‘ಒಂದು ಸಲ ಹಾಕಿ ನೋಡೋಣ’ ಎಂದು ಬ್ರೇಕರ್ ಹಾಕುವ ಅಭ್ಯಾಸ ಅನೇಕ ಕಡೆ ಇದೆ. ಸುಟ್ಟ ಕೇಬಲ್ಲಿನ ಜೊತೆಗೆ ಜಾಯಿಂಟುಗಳನ್ನೂ ಹಾಳುಮಾಡುವುದು ಆ ಅಭ್ಯಾಸವೇ. ದುರಸ್ತಿಗೆ ಕೈಹಾಕುವವರು ಎಲ್.ಸಿ. ಪಡೆಯದೆ, ಅಂದರೆ ಲೈನ್ ಕ್ಲಿಯರ್ ಕಾಗದಕ್ಕೆ ಇಬ್ಬರ ಸಹಿಯಾಗದೆ, ಮತ್ತು ಕೇಬಲ್ಲನ್ನು ಅರ್ಥ್ ಮಾಡದೆ ಮುಟ್ಟಬಾರದು ಎಂಬ ನಿಯಮಕ್ಕೆ ಯಾವ ಅವಸರವೂ ವಿನಾಯಿತಿ ಕೊಡಲಾರದು.

ಎಲ್.ಟಿ. ಪ್ಯಾನೆಲ್ಲಿನ ಕಡೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಮೂರು ಫೇಸುಗಳ ಹೊರೆ ಹೆಚ್ಚುಕಡಿಮೆ ಸಮವಾಗಿದೆಯೇ, ಪವರ್ ಫ್ಯಾಕ್ಟರನ್ನು ಸುಧಾರಿಸುವ ಕೆಪ್ಯಾಸಿಟರ್ ಪ್ಯಾನೆಲ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ, ಡೀಸೆಲ್ ಜನರೇಟರಿಗೆ ಯಾವ ಯಾವ ಕಟ್ಟಡಗಳು ಸೇರಿವೆ ಎಂಬಷ್ಟನ್ನು ಬರೆದುಕೊಂಡರೆ ಸಾಕು. ಜನರೇಟರಿನ ಪಟ್ಟಿಯನ್ನು ಮಾತ್ರ ತಾಳ್ಮೆಯಿಂದ ಪರಿಶೀಲಿಸಬೇಕು. ಮೈನಸ್ 80 ಡಿಗ್ರಿಯ ಫ್ರೀಜರುಗಳೂ ಸರ್ವರ್ ಕೋಣೆಯ ತಂಪೂ ಆ ಪಟ್ಟಿಯಲ್ಲಿ ಇರದೆ, ಆಡಳಿತ ಕಚೇರಿಯ ಏಸಿಗಳೆಲ್ಲ ಇರುವುದು ಅಪರೂಪವಲ್ಲ.

ತಂಪು: ಮರಳಿ ಬರುವ ನೀರನ್ನು ನೋಡಬೇಕು

ಕೇಂದ್ರೀಕೃತ ತಂಪಿನ ವ್ಯವಸ್ಥೆಯಲ್ಲಿ ಸ್ಥಾವರದ ಚಿಲ್ಲರುಗಳು ನೀರನ್ನು 6 ಅಥವಾ 7 ಡಿಗ್ರಿ ಸೆಲ್ಸಿಯಸ್ಸಿಗೆ ತಣಿಸುತ್ತವೆ. ಪಂಪುಗಳು ಆ ನೀರನ್ನು ನಿರೋಧಕ ಹೊದಿಕೆಯಿರುವ ಕೊಳವೆಗಳಲ್ಲಿ ಕಟ್ಟಡಗಳಿಗೆ ತಳ್ಳುತ್ತವೆ. ಕಟ್ಟಡದ ಎ.ಎಚ್.ಯು. (ಏರ್ ಹ್ಯಾಂಡ್ಲಿಂಗ್ ಯೂನಿಟ್, ಅಂದರೆ ಗಾಳಿಯನ್ನು ತಣಿಸಿ ಕೋಣೆಗಳಿಗೆ ಕಳಿಸುವ ಯಂತ್ರ) ಕೋಣೆಯಲ್ಲಿ ಆ ನೀರು ತಾಮ್ರದ ಸುರುಳಿಯೊಳಗೆ ಹರಿಯುವಾಗ ಅದರ ಮೇಲೆ ಬೀಸುವ ಗಾಳಿ ತಣ್ಣಗಾಗುತ್ತದೆ, ನೀರು ಬಿಸಿಯಾಗಿ 13, 14 ಡಿಗ್ರಿಯಲ್ಲಿ ಸ್ಥಾವರಕ್ಕೆ ಮರಳುತ್ತದೆ. ಅಲ್ಲಿ ಚಿಲ್ಲರು ಆ ಶಾಖವನ್ನು ಹೀರಿಕೊಂಡು, ಕೂಲಿಂಗ್ ಟವರಿನ ಮೂಲಕ ಬಯಲಿಗೆ ಬಿಡುತ್ತದೆ. ನೀರು ಎಲ್ಲಿಯೂ ಖರ್ಚಾಗುವುದಿಲ್ಲ. ಅದೇ ನೀರು ಸುತ್ತುತ್ತಲೇ ಇರುತ್ತದೆ. ಖರ್ಚಾಗುವುದು ಟವರಿನ ನೀರು. 100 ಟನ್ನಿನ (ಟನ್ ಎಂಬುದು ಇಲ್ಲಿ ತೂಕವಲ್ಲ, ತಂಪಿನ ಅಳತೆ) ಚಿಲ್ಲರು ಪೂರ್ಣ ಹೊರೆಯಲ್ಲಿ ಓಡುವಾಗ ಟವರಿನಿಂದ ಗಂಟೆಗೆ ಸುಮಾರು 600 ಲೀಟರ್ ಆವಿಯಾಗಿ ಹೋಗುತ್ತದೆ, ಎಂಟು ಗಂಟೆಗೆ ಐದು ಸಾವಿರ ಲೀಟರಿನ ಹತ್ತಿರ. 2024ರ ಬೇಸಿಗೆಯಲ್ಲಿ ಬೆಂಗಳೂರು ಕಂಡ ನೀರಿನ ಅಭಾವದ ನಂತರ ಈ ಅಂಕಿಯನ್ನು ಯೋಜನೆಯ ಮೊದಲ ಪುಟದಲ್ಲೇ ಬರೆಯುವುದು ಒಳ್ಳೆಯದು, ಮತ್ತು ಎಸ್.ಟಿ.ಪಿ.ಯಲ್ಲಿ (ಕೊಳಚೆ ನೀರಿನ ಸಂಸ್ಕರಣಾ ಘಟಕದಲ್ಲಿ) ಸಂಸ್ಕರಿಸಿದ ನೀರನ್ನು ಟವರಿಗೆ ಬಳಸುವ ಏರ್ಪಾಡನ್ನು ಆರಂಭದಲ್ಲೇ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಇಂಥ ಸ್ಥಾವರಕ್ಕೆ ಭೇಟಿ ಕೊಟ್ಟವರಿಗೆ ಆಪರೇಟರು ಹೆಮ್ಮೆಯಿಂದ ತೋರಿಸುವುದು ಹೊರಹೋಗುವ ನೀರಿನ ಉಷ್ಣತೆಯನ್ನು. ಅದು 7 ಡಿಗ್ರಿ ಇದ್ದೇ ಇರುತ್ತದೆ, ಯಂತ್ರವನ್ನು ಹಾಗೆ ಸೆಟ್ ಮಾಡಿರುತ್ತಾರೆ. ನೀವು ನೋಡಬೇಕಾದದ್ದು ಮರಳಿ ಬರುವ ನೀರಿನ ಉಷ್ಣತೆಯನ್ನು. ಕ್ಯಾಂಪಸ್ಸಿನ ಕಟ್ಟಡಗಳು ಒಳಗೊಳಗೆ ಏನು ಮಾಡುತ್ತಿವೆ ಎಂಬುದನ್ನು ಹೇಳುವುದು ಅದೊಂದೇ. ಲೆಕ್ಕ ಸರಳವಾಗಿದೆ. ಸೆಕೆಂಡಿಗೆ ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾದರೆ 4.19 ಕಿಲೋವಾಟ್ ಶಾಖವನ್ನು ಹೊತ್ತಂತೆ. ತಂಪಿನ ಒಂದು ಟನ್ನೆಂದರೆ 3.517 ಕಿಲೋವಾಟ್. ಈ ಎರಡು ಅಂಕಿಗಳಿಂದ ಉಳಿದದ್ದೆಲ್ಲ ಹೊರಡುತ್ತದೆ. 100 ಟನ್ನಿನ ಕಟ್ಟಡಕ್ಕೆ, ನೀರು 7 ಡಿಗ್ರಿಯಲ್ಲಿ ಹೋಗಿ 14ರಲ್ಲಿ ಮರಳಿದರೆ, ಸೆಕೆಂಡಿಗೆ 12 ಲೀಟರ್ ಸಾಕು. ಅದೇ ನೀರು 10.5 ಡಿಗ್ರಿಯಲ್ಲೇ ಮರಳಿದರೆ ಅಷ್ಟೇ ತಂಪಿಗೆ 24 ಲೀಟರ್ ಬೇಕಾಗುತ್ತದೆ. ಅದೇ ಕೊಳವೆಯಲ್ಲಿ ಹರಿವು ಎರಡು ಪಟ್ಟಾದರೆ ಪಂಪಿಗೆ ಬೇಕಾಗುವ ಶಕ್ತಿ ಎಂಟು ಪಟ್ಟಿನ ಸಮೀಪಕ್ಕೆ ಏರುತ್ತದೆ.

ಕೆಡುಕು ಪಂಪಿಗೇ ನಿಲ್ಲುವುದಿಲ್ಲ. ನೀರು ಅರೆಬಿಸಿಯಾಗಿ ಮರಳಿದಾಗ ಚಿಲ್ಲರಿನೊಳಗೆ ಹರಿಯಬಹುದಾದಷ್ಟು ನೀರು ಹರಿಯುತ್ತಿದ್ದರೂ ಅದರ ಮೇಲಿನ ಹೊರೆ ಅರ್ಧದಷ್ಟೇ ಇರುತ್ತದೆ. ದೂರದ ಕಟ್ಟಡದಿಂದ ‘ಸೆಕೆ’ ಎಂಬ ದೂರು ಬರುತ್ತದೆ, ಆಪರೇಟರು ಎರಡನೆಯ ಚಿಲ್ಲರನ್ನೂ ಅದರ ಪಂಪನ್ನೂ ಟವರ್ ಫ್ಯಾನನ್ನೂ ಚಾಲೂ ಮಾಡುತ್ತಾರೆ. ಆಗ ಒಂದು ಯಂತ್ರ ಮಾಡಬೇಕಾದ ಕೆಲಸವನ್ನು ಎರಡು ಯಂತ್ರಗಳು ಅರೆಬರೆಯಾಗಿ ಮಾಡುತ್ತಿರುತ್ತವೆ. ಮೂರನೆಯ ವರ್ಷಕ್ಕೆ ‘ಚಿಲ್ಲರ್ ಸಾಮರ್ಥ್ಯ ಸಾಲದು’ ಎಂಬ ಕಡತ ಸಿದ್ಧವಾಗಿರುತ್ತದೆ. ಆ ಕಡತಕ್ಕೆ ಸಹಿ ಹಾಕುವ ಮೊದಲು ಪ್ರತಿ ಕಟ್ಟಡದ ಎ.ಎಚ್.ಯು. ಕೋಣೆಗೂ ಹೋಗಿ ಬರಬೇಕೆಂಬುದೇ ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು.

ಹೋಗಬೇಕಾದ ಹೊತ್ತು ಬೇಸಿಗೆಯ ಮಧ್ಯಾಹ್ನ ಎರಡರಿಂದ ನಾಲ್ಕು. ಕಟ್ಟಡಕ್ಕೆ ನೀರು ಒಳಬರುವ ಮತ್ತು ಹೊರಹೋಗುವ ಕೊಳವೆಗಳಲ್ಲಿ ಥರ್ಮಾಮೀಟರ್ ಇಳಿಸಲೆಂದು ಸಣ್ಣ ಬಾವಿಯಂಥ ಕಿಂಡಿಗಳಿರುತ್ತವೆ. ಅಲ್ಲಿ ಮೊದಲೇ ಇರುವ ಗಾಜಿನ ಥರ್ಮಾಮೀಟರನ್ನು ನಂಬಬೇಡಿ. ಅದರ ಮುಖ ಮಸುಕಾಗಿ, ಕಿಂಡಿಯೊಳಗಿನ ಎಣ್ಣೆ ಒಣಗಿ, ಅದು ಕೋಣೆಯ ಉಷ್ಣತೆಯನ್ನೇ ತೋರಿಸುತ್ತಿರಬಹುದು. ಅದನ್ನು ತೆಗೆದು, ಕಿಂಡಿಗೆ ಒಂದಿಷ್ಟು ಎಣ್ಣೆ ಹಾಕಿ, ನಿಮ್ಮ ಸಂವೇದಕವನ್ನು ತಳ ಮುಟ್ಟುವಂತೆ ಇಳಿಸಿ, ಅಂಕಿ ಸ್ಥಿರವಾಗುವವರೆಗೆ ಕಾಯಬೇಕು. ಒಳಗೆ 7.4, ಹೊರಗೆ 9.8 ಎಂದು ಬಂದರೆ, ಸ್ಥಾವರದ ಮೇಲಿನ ಹೊರೆಯನ್ನು ವಿನಾಕಾರಣ ಏರಿಸುತ್ತಿರುವ ಕಟ್ಟಡಗಳಲ್ಲಿ ಒಂದು ಸಿಕ್ಕಿತು ಎಂದು ತಿಳಿಯಬೇಕು. ಆಮೇಲೆ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ಒಳಬರುವ ಮತ್ತು ಹೊರಹೋಗುವ ಕೊಳವೆಗಳನ್ನು ನೇರವಾಗಿ ಕೂಡಿಸುವ ಬೈಪಾಸ್ ವಾಲ್ವು ತೆರೆದೇ ಇದೆಯೇ? ಬಹಳ ಸಲ ಇರುತ್ತದೆ. ಕಟ್ಟಡ ಶುರುವಾದ ದಿನ ಕೊಳವೆ ತೊಳೆಯಲು ತೆರೆದವರು ಮುಚ್ಚಿರುವುದಿಲ್ಲ. ಸುರುಳಿಯ ಬಳಿ ಮೂರು ದಾರಿಯ ವಾಲ್ವು ಇದೆಯೇ? ಇದ್ದರೆ ಸುರುಳಿಗೆ ಬೇಡವಾದ ತಣ್ಣೀರೆಲ್ಲ ಹಾಗೆಯೇ ಮರಳಿ ಹೋಗುತ್ತಿರುತ್ತದೆ. ಎರಡು ದಾರಿಯ ವಾಲ್ವಾಗಿದ್ದರೂ ಅದರ ಮೋಟಾರು ಕೆಟ್ಟು, ಕೈಯಿಂದ ಪೂರ್ತಿ ತೆರೆದು ಬಿಟ್ಟಿದ್ದಾರೆಯೇ? ಫಿಲ್ಟರಿನಲ್ಲಿ ಧೂಳು ಕಟ್ಟಿ ಗಾಳಿ ಸಾಗದೆ, ನೀರು ಶಾಖವನ್ನು ಹೀರಲಾಗದೆ ಮರಳುತ್ತಿದೆಯೇ? ಕೋಣೆಯ ಥರ್ಮೋಸ್ಟಾಟನ್ನು ಯಾರೋ 16ಕ್ಕೆ ಇಳಿಸಿಟ್ಟಿದ್ದಾರೆಯೇ? ಎಂದಿಗೂ ತಲುಪಲಾಗದ ಗುರಿ ಕೊಟ್ಟರೆ ವಾಲ್ವು ಎಂದಿಗೂ ಮುಚ್ಚಿಕೊಳ್ಳುವುದಿಲ್ಲ.

ಸರಿಪಡಿಸುವ ಕ್ರಮವೂ ಇದೇ. ಬೈಪಾಸ್ ಮುಚ್ಚುವುದಕ್ಕೆ ಖರ್ಚಿಲ್ಲ. ಫಿಲ್ಟರು, ಸುರುಳಿ ತೊಳೆಯುವುದಕ್ಕೆ ಕೂಲಿಯ ಖರ್ಚು ಮಾತ್ರ. ಅನಂತರ ವಾಲ್ವಿನ ಮೋಟಾರು, ಅನಂತರ ಮೂರು ದಾರಿಯ ವಾಲ್ವುಗಳನ್ನು ತೆಗೆದು ಎರಡು ದಾರಿಯವನ್ನು ಹಾಕುವುದು. ಈ ಹಂತದಲ್ಲಿ ಪಂಪುಗಳಿಗೆ ವೇಗ ನಿಯಂತ್ರಕ ಇರುವುದು ಕಡ್ಡಾಯ, ಇಲ್ಲವಾದರೆ ವಾಲ್ವುಗಳು ಮುಚ್ಚಿಕೊಂಡಾಗ ಕೊಳವೆಯಲ್ಲಿ ಒತ್ತಡ ಏರುತ್ತದೆ. ಹೊಸ ಚಿಲ್ಲರಿನ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ.

ಇಷ್ಟೆಲ್ಲ ಹೇಳಿದ ಮೇಲೂ ಎಲ್ಲ ಕಟ್ಟಡಗಳನ್ನೂ ತಣ್ಣೀರಿನ ಜಾಲಕ್ಕೆ ಸೇರಿಸಬೇಕೆಂದಿಲ್ಲ. ಎತ್ತರದ ಸೂರು, ದಪ್ಪ ಗೋಡೆ, ಆಳವಾದ ಜಗಲಿಗಳಿರುವ ಧಾರವಾಡ, ಮೈಸೂರಿನ ಕಡೆಯ ಹಳೆಯ ಕಟ್ಟಡಗಳಿಗೆ ಸೀಲಿಂಗ್ ಫ್ಯಾನು ಸಾಕು. ದೂರ ದೂರ ಚದುರಿರುವ ಸಣ್ಣ ವಿಭಾಗಗಳಿಗೆ ಕೊಳವೆ ಎಳೆಯುವ ಖರ್ಚು ಎಂದಿಗೂ ಮರಳಿ ಬಾರದು, ಅಲ್ಲಿ ಬಿಡಿ ಏಸಿಗಳೇ ಇರಲಿ. ಪ್ರಯೋಗಾಲಯ, ಗ್ರಂಥಾಲಯ, ಕಂಪ್ಯೂಟರ್ ಕೇಂದ್ರ, ಆಸ್ಪತ್ರೆ ಇವು ಒತ್ತಾಗಿ ಒಂದೆಡೆ ಇರುವಲ್ಲಿ ಮಾತ್ರ ಕೇಂದ್ರೀಕೃತ ಸ್ಥಾವರ ಸಾರ್ಥಕ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಒಂದೇ ಸ್ಥಾವರದಿಂದ ಹಲವು ಕಟ್ಟಡಗಳಿಗೆ ತಣ್ಣೀರು ಸಾಗುವುದೂ, ಅದರ ಕೊಳವೆಗಳಿಗೆ ನೆಲದಡಿ ಮನುಷ್ಯರು ನಡೆದಾಡಬಲ್ಲ ಸುರಂಗ ಇರುವುದೂ ಆ ಕಟ್ಟಡಗಳು ಹಾಗೆ ಒತ್ತಾಗಿರುವುದರಿಂದಲೇ.

ನಿಸರ್ಗವೇ ತಂಪನ್ನು ಕೊಡುವಲ್ಲಿ ಚಿಲ್ಲರಿನ ಕೆಲಸ ಬಹುಪಾಲು ತಪ್ಪುತ್ತದೆ. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ 2000ದಿಂದ ಪಕ್ಕದ ಕಯೂಗ ಸರೋವರದ ಆಳದಿಂದ, ಸುಮಾರು 76 ಮೀಟರ್ ಕೆಳಗಿನಿಂದ, ವರ್ಷವಿಡೀ 4 ಡಿಗ್ರಿಯ ಆಸುಪಾಸಿನಲ್ಲಿರುವ ನೀರನ್ನು ಎಳೆಯುತ್ತಿದೆ. ಸರೋವರದ ನೀರು ಕ್ಯಾಂಪಸ್ಸಿನೊಳಗೆ ಬರುವುದೇ ಇಲ್ಲ. ದಡದ ಮೇಲಿನ ಕಟ್ಟಡದಲ್ಲಿ ಶಾಖ ವಿನಿಮಯಕಗಳ ತೆಳು ಹಾಳೆಗಳ ಒಂದು ಬದಿಯಲ್ಲಿ ಸರೋವರದ ನೀರೂ ಇನ್ನೊಂದು ಬದಿಯಲ್ಲಿ ಗುಡ್ಡದ ಮೇಲಿನ ಕ್ಯಾಂಪಸ್ಸಿನ ನೀರೂ ಹರಿದು, ಶಾಖ ಮಾತ್ರ ದಾಟುತ್ತದೆ. ನಮ್ಮ ಕೆರೆಗಳಲ್ಲಿ ಅಂಥ ಆಳವೂ ಇಲ್ಲ, ಅಂಥ ಚಳಿಗಾಲವೂ ಇಲ್ಲ, ಆದ್ದರಿಂದ ಅದನ್ನು ನಕಲು ಮಾಡುವ ಆಸೆ ಬೇಡ. ಎರಡು ಸುತ್ತುಗಳನ್ನು ಬೆರೆಸದೆ ಶಾಖವನ್ನಷ್ಟೇ ದಾಟಿಸುವ ಆ ಕ್ರಮ ಮಾತ್ರ ಎತ್ತರದ ಕಟ್ಟಡಗಳನ್ನು ಜಾಲಕ್ಕೆ ಸೇರಿಸುವಾಗ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಶಾಖ: ಬಿಸಾಡುವುದನ್ನೇ ಹಂಚುವುದು

ಚಳಿ ದೇಶದ ಹಳೆಯ ಕ್ಯಾಂಪಸ್ಸುಗಳು ಬಾಯ್ಲರಿನಲ್ಲಿ ಹಬೆ ಮಾಡಿ ಕೊಳವೆಗಳಲ್ಲಿ ಕಟ್ಟಡಗಳಿಗೆ ಕಳಿಸುತ್ತಿದ್ದವು. ಹಬೆಗೆ ಪಂಪು ಬೇಡ, ಅದು ತನ್ನ ಒತ್ತಡದಿಂದಲೇ ಸಾಗುತ್ತದೆ, ಒಂದು ಕಿಲೋ ಹಬೆ ನೀರಾಗುವಾಗ 2,200 ಕಿಲೋಜೌಲಿಗೂ ಹೆಚ್ಚು ಶಾಖ ಬಿಡುತ್ತದೆ. ಆದರೆ ಹಬೆಯ ಕೊಳವೆ ನೆಲದಡಿಯಲ್ಲಿ ಹಗಲಿರುಳೂ ಶಾಖ ಸೋರುತ್ತದೆ, ನೀರನ್ನು ಬೇರ್ಪಡಿಸುವ ಟ್ರ್ಯಾಪುಗಳು ಸದಾ ಕೆಡುತ್ತಿರುತ್ತವೆ.

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1987ರಿಂದ ನೈಸರ್ಗಿಕ ಅನಿಲ ಉರಿಸಿ ವಿದ್ಯುತ್ತನ್ನೂ ಹಬೆಯನ್ನೂ ಒಟ್ಟಿಗೆ ಉತ್ಪಾದಿಸುವ ಸ್ಥಾವರವಿತ್ತು. ಅದನ್ನು ಬದಲಿಸುವ ಕಾಲ ಬಂದಾಗ ಎಂಜಿನಿಯರುಗಳು ಮಾಡಿದ ಮೊದಲ ಕೆಲಸ, ವರ್ಷದ ಪ್ರತಿ ಗಂಟೆಯಲ್ಲೂ ಕ್ಯಾಂಪಸ್ಸಿಗೆ ಎಷ್ಟು ತಂಪು ಬೇಕು, ಎಷ್ಟು ಶಾಖ ಬೇಕು ಎಂಬುದನ್ನು ಅಕ್ಕಪಕ್ಕ ಇಟ್ಟು ನೋಡಿದ್ದು. ಪ್ರಯೋಗಾಲಯಗಳೂ ಆಸ್ಪತ್ರೆಯೂ ಇರುವ ಕಡೆ ಚಳಿಗಾಲದಲ್ಲಿಯೂ ತಂಪು ಬೇಕು, ಬೇಸಿಗೆಯಲ್ಲಿಯೂ ಬಿಸಿನೀರು ಬೇಕು. ಹಾಗಾಗಿ ಕೂಲಿಂಗ್ ಟವರುಗಳು ಶಾಖವನ್ನು ಬಯಲಿಗೆ ಬಿಡುತ್ತಿದ್ದ ಹೊತ್ತಿನಲ್ಲೇ ಪಕ್ಕದಲ್ಲಿ ಅನಿಲ ಉರಿದು ಶಾಖ ಹುಟ್ಟುತ್ತಿತ್ತು. ಬಿಸಾಡುವ ಶಾಖವನ್ನೇ ಹಿಡಿದು ಹಂಚಿದರೆ ಬೇಕಾದ ಶಾಖದ ಬಹುಭಾಗ ಅದರಲ್ಲೇ ಸಿಗುವುದೆಂದು ಲೆಕ್ಕ ತೋರಿಸಿತು. 2015ರಲ್ಲಿ ಚಾಲೂ ಆದ ಹೊಸ ಸ್ಥಾವರದಲ್ಲಿ, ಒಂದು ಬದಿಯಿಂದ ತಣ್ಣೀರನ್ನೂ ಇನ್ನೊಂದು ಬದಿಯಿಂದ ಬಿಸಿನೀರನ್ನೂ ಕೊಡುವ, ಗ್ರಿಡ್ಡಿನ ವಿದ್ಯುತ್ತಿನಿಂದ ಓಡುವ ಶಾಖ ಮರುಪಡೆಯುವ ಚಿಲ್ಲರುಗಳಿವೆ. ಇಂಥ ಯಂತ್ರ ನೀರನ್ನು 70 ಡಿಗ್ರಿಯ ಆಸುಪಾಸಿಗೆ ಏರಿಸಬಲ್ಲದೇ ಹೊರತು ಹಬೆ ಮಾಡಲಾರದು; ಆದ್ದರಿಂದ ಹಬೆಯ ಜಾಲವನ್ನೇ ಕೈಬಿಟ್ಟು, ಮೂವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಬಿಸಿನೀರಿನ ಕೊಳವೆ ಹೂತು, 155 ಕಟ್ಟಡಗಳ ಒಳಗಿನ ಏರ್ಪಾಡನ್ನು ಬಿಸಿನೀರಿಗೆ ಹೊಂದಿಸಬೇಕಾಯಿತು. ಒಟ್ಟು ಯೋಜನೆಯ ವೆಚ್ಚ 48.5 ಕೋಟಿ ಡಾಲರ್. ಸ್ಥಾವರದ ಯಂತ್ರಗಳಿಗಿಂತ ಕಟ್ಟಡಗಳ ಒಳಗಿನ ಈ ಬದಲಾವಣೆಯೇ ಇಂಥ ಯೋಜನೆಗಳ ಕಷ್ಟದ ಭಾಗ ಎಂಬುದನ್ನು ನೆನಪಿನಲ್ಲಿಡಬೇಕು.

ಕರ್ನಾಟಕದಲ್ಲಿ ಕೋಣೆ ಕಾಯಿಸುವ ಅಗತ್ಯವಿಲ್ಲ, ಹಾಸ್ಟೆಲಿಗೆ ಸ್ನಾನದ ನೀರು ಬೇಕು. ಐನೂರು ವಿದ್ಯಾರ್ಥಿಗಳಿಗೆ ತಲಾ 20 ಲೀಟರ್ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು 233 ಯೂನಿಟ್ ಶಾಖ ಬೇಕು. ಗೀಸರಿನಲ್ಲಾದರೆ ಅಷ್ಟೇ ಯೂನಿಟ್ ವಿದ್ಯುತ್ತು, ಸುತ್ತಲಿನ ಶಾಖವನ್ನು ಹೀರಿ ನೀರಿಗೆ ದಾಟಿಸುವ ಒಳ್ಳೆಯ ಹೀಟ್ ಪಂಪಿನಲ್ಲಾದರೆ ಅದರ ಮೂರನೆಯ ಒಂದು ಪಾಲಿನ ಹತ್ತಿರ. ಮೇಲೆ ಹೇಳಿದ 100 ಟನ್ನಿನ ಚಿಲ್ಲರು ಪೂರ್ಣ ಹೊರೆಯಲ್ಲಿ ಅಷ್ಟು ಶಾಖವನ್ನು ಸುಮಾರು ಅರ್ಧ ಗಂಟೆಯಲ್ಲಿ ಟವರಿಗೆ ಸುರಿದಿರುತ್ತದೆ. ಆದರೆ ಟವರಿಗೆ ಹೋಗುವ ನೀರು 35, 37 ಡಿಗ್ರಿ ಮಾತ್ರ ಇರುವುದರಿಂದ ಅದು ನೇರವಾಗಿ ಸ್ನಾನಕ್ಕೆ ಸಾಲದು. ಅದನ್ನು ಮೇಲೇರಿಸುವ ಯಂತ್ರವೊಂದು ಬೇಕು, ಬೆಳಗಿನ ಸ್ನಾನಕ್ಕೆ ಹಿಂದಿನ ಮಧ್ಯಾಹ್ನದ ಶಾಖವನ್ನು ಕಾದಿಡಲು ತೊಟ್ಟಿ ಬೇಕು, ಚಿಲ್ಲರು ಇರುವ ಕಡೆಗೂ ಹಾಸ್ಟೆಲಿಗೂ ನಡುವಿನ ದೂರ ಕಡಿಮೆಯಿರಬೇಕು. ಸೂರಿನ ಮೇಲೆ ಈಗಾಗಲೇ ಸೋಲಾರ್ ಹೀಟರುಗಳಿದ್ದರೆ ಮೊದಲು ಅವುಗಳನ್ನು ದುರಸ್ತಿ ಮಾಡಿಸುವುದೇ ಜಾಣತನ. ಕಾದಿಟ್ಟ ನೀರನ್ನು 60 ಡಿಗ್ರಿಯಲ್ಲಿಟ್ಟು ಬಳಸುವಾಗ ತಣ್ಣೀರು ಬೆರೆಸಬೇಕು, ಇಲ್ಲವಾದರೆ ಉಗುರುಬೆಚ್ಚಗಿನ ತೊಟ್ಟಿಯಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯ ಬೆಳೆಯುವ ಅಪಾಯವಿದೆ.

ತೊಟ್ಟಿಯ ಮಾತು ಬಂದದ್ದರಿಂದ ತಣ್ಣೀರಿನ ತೊಟ್ಟಿಯನ್ನೂ ಇಲ್ಲೇ ಹೇಳುತ್ತೇನೆ. ಸ್ಟ್ಯಾನ್‌ಫರ್ಡಿನಲ್ಲಿ ಎರಡು ತಣ್ಣೀರಿನ, ಒಂದು ಬಿಸಿನೀರಿನ ಬೃಹತ್ ತೊಟ್ಟಿಗಳಿವೆ. ವಿದ್ಯುತ್ತು ಅಗ್ಗವಾಗಿರುವ ಹೊತ್ತು ಯಂತ್ರ ಓಡಿಸಿ ತುಂಬಿ, ದುಬಾರಿ ಹೊತ್ತಿನಲ್ಲಿ ಅವುಗಳಿಂದ ಬಳಸುತ್ತಾರೆ. ಒಂದೇ ತೊಟ್ಟಿಯಲ್ಲಿ ತಣ್ಣೀರು ಕೆಳಗೂ ಮರಳಿ ಬಂದ ಬೆಚ್ಚಗಿನ ನೀರು ಮೇಲೂ ನಿಲ್ಲುತ್ತದೆ. ಕಲಕದಂತೆ ನೀರನ್ನು ಮೆಲ್ಲಗೆ ಒಳಬಿಡುವ ಜಾಲರಿಗಳಿದ್ದರೆ ನಡುವೆ ತೆಳುವಾದ ಗಡಿ ಮಾತ್ರ ಇರುತ್ತದೆ. ಹತ್ತು ಲಕ್ಷ ಲೀಟರಿನ ತೊಟ್ಟಿ 7 ಡಿಗ್ರಿಯ ಅಂತರದಲ್ಲಿ ಸುಮಾರು 2,300 ಟನ್-ಗಂಟೆ ತಂಪನ್ನು ಹಿಡಿಯುತ್ತದೆ, ಅಂದರೆ 400 ಟನ್ ಹೊರೆಯನ್ನು ಐದಾರು ಗಂಟೆ ಹೊರಬಲ್ಲದು. ಮರಳುವ ನೀರು 10.5 ಡಿಗ್ರಿಯಲ್ಲೇ ಬಂದರೆ ಅದೇ ತೊಟ್ಟಿ ಅರ್ಧ ತೊಟ್ಟಿಯಾಗುತ್ತದೆ.

ಕೊಳವೆ, ಮೀಟರು, ವಾಲ್ವು

ನೆಲದಡಿಯ ಕೊಳವೆಗಳನ್ನು ಅಗೆಯದೆಯೇ ಪರೀಕ್ಷಿಸುವ ಸುಲಭ ದಾರಿಯೊಂದಿದೆ. ತಣ್ಣೀರಿನ ಸುತ್ತು ಮುಚ್ಚಿದ ಸುತ್ತಾದ್ದರಿಂದ ಅದಕ್ಕೆ ಹೊಸ ನೀರು ಬಹುತೇಕ ಬೇಕಾಗಬಾರದು. ಕಡಿಮೆಯಾದ ನೀರನ್ನು ತುಂಬಿಕೊಡುವ ಮೇಕಪ್ ನೀರಿನ ಕೊಳವೆಗೆ ಮೀಟರು ಹಾಕಿ ವಾರಕ್ಕೊಮ್ಮೆ ಬರೆದಿಟ್ಟರೆ, ಅಂಕಿ ಏರಿದ ವಾರವೇ ಎಲ್ಲೋ ಸೋರುತ್ತಿದೆ ಎಂದು ತಿಳಿಯುತ್ತದೆ. ಸೋರಿದ ನೀರಿನ ಜೊತೆ ತುಕ್ಕು ತಡೆಯುವ ರಾಸಾಯನಿಕವೂ ಹೋಗುತ್ತದೆ, ಅದರ ಜಾಗಕ್ಕೆ ಬರುವ ಹೊಸ ನೀರು ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಇನ್ನೊಂದನ್ನೂ ನೋಡಬೇಕು: ಹೊದಿಕೆಯ ಮೇಲ್ಪದರ ಹರಿದಲ್ಲಿ ಗಾಳಿಯ ತೇವ ತಣ್ಣನೆಯ ಕೊಳವೆಯ ಮೇಲೆ ನೀರಾಗಿ, ಹೊದಿಕೆ ನೆನೆದು, ಕೊಳವೆ ಹೊರಗಿನಿಂದಲೂ ತುಕ್ಕು ಹಿಡಿಯುತ್ತದೆ.

ಪ್ರತಿ ಕಟ್ಟಡಕ್ಕೂ ವಿದ್ಯುತ್ ಮೀಟರಿನ ಜೊತೆಗೆ, ಹರಿವನ್ನೂ ಎರಡು ಉಷ್ಣತೆಗಳನ್ನೂ ಅಳೆದು ತಂಪಿನ ಲೆಕ್ಕ ಕೊಡುವ ಬಿ.ಟಿ.ಯು. ಮೀಟರು ಇರಬೇಕು. ವಿಭಾಗಗಳಿಗೆ ಬಿಲ್ಲು ಕೊಡಲೇಬೇಕೆಂದಿಲ್ಲ. ಆದರೆ ಕೊಡುವುದಾದರೆ ಬಳಸಿದ ಟನ್-ಗಂಟೆಗಳ ಜೊತೆಗೆ ಮರಳಿಸಿದ ನೀರಿನ ಉಷ್ಣತೆಯನ್ನೂ ಬಿಲ್ಲಿನಲ್ಲಿ ತೋರಿಸಿ, ನಿಗದಿತ ಮಟ್ಟಕ್ಕಿಂತ ತಣ್ಣಗೆ ಮರಳಿಸಿದವರಿಗೆ ದರ ಹೆಚ್ಚಿಸುವುದು ನ್ಯಾಯ. ಪವರ್ ಫ್ಯಾಕ್ಟರ್ ಕುಸಿದರೆ ವಿದ್ಯುತ್ ಕಂಪನಿಯವರು ನಮ್ಮ ಮೇಲೆ ಹಾಕುವ ದಂಡವೂ ಇದೇ ತರ್ಕದ್ದು.

ಕೊನೆಯದಾಗಿ ವಾಲ್ವುಗಳ ಪಟ್ಟಿ. ರಸ್ತೆಯ ಬದಿಯ ಪ್ರತಿ ಚೇಂಬರಿನ ಮುಚ್ಚಳ ತೆಗೆಸಿ, ಒಳಗಿನ ನೀರು ಹೊರಹಾಕಿಸಿ, ಪ್ರತಿ ವಾಲ್ವಿಗೂ ಲೋಹದ ಬಿಲ್ಲೆಯಲ್ಲಿ ಸಂಖ್ಯೆ ಕಟ್ಟಬೇಕು. ಅದನ್ನು ಮುಚ್ಚಿದರೆ ಯಾವ ಯಾವ ಕಟ್ಟಡಗಳಿಗೆ ನೀರು ನಿಲ್ಲುತ್ತದೆ, ಅದು ಕೊನೆಯ ಬಾರಿ ತಿರುಗಿದ್ದು ಯಾವಾಗ ಎಂದು ಪಟ್ಟಿಯಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆಯಾದರೂ, ರಜೆಯ ದಿನಗಳಲ್ಲಿ, ಪ್ರತಿ ವಾಲ್ವನ್ನೂ ಪೂರ್ತಿ ಮುಚ್ಚಿ ತೆರೆಯಬೇಕು. ಹತ್ತು ವರ್ಷ ಮುಟ್ಟದ ವಾಲ್ವು ಕೊಳವೆ ಒಡೆದ ದಿನ ತಿರುಗುವುದಿಲ್ಲ, ಬಲವಾಗಿ ತಿರುಗಿಸಿದರೆ ಅದರ ಕಡ್ಡಿಯೇ ಮುರಿಯುತ್ತದೆ. ಚೇಂಬರಿನ ಬೀಗದ ಕೀಲಿ ಯಾರ ಬಳಿ ಇದೆ ಎಂಬುದು ಅದೇ ಪಟ್ಟಿಯ ಕೊನೆಯ ಅಂಕಣದಲ್ಲಿರಲಿ.